ಕಾಣದ ಪ್ರವಾಹಕ್ಕೆ ರೇಖೆ ಎಳೆದವನು: ಜೇಮ್ಸ್ ರೆನೆಲ್ (1742–1830)

ನರಸೋಬಾವಾಡಿಯ ಸಂಗಮದಲ್ಲಿ ಪಂಚಗಂಗೆಯು ಕೃಷ್ಣೆಯನ್ನು ಸೇರುವ ನೋಟ ನಮ್ಮ ಭಾಗದವರಿಗೆ ಚಿರಪರಿಚಿತವಾದುದು. ಮಳೆಗಾಲದಲ್ಲಿ ದಂಡೆಯ ಮೇಲೆ ನಿಂತವನಿಗೆ ಹೊಳೆಯ ಓಟವನ್ನು ತಿಳಿಯಲು ಯಾವ ಉಪಕರಣವೂ ಬೇಕಾಗುವುದಿಲ್ಲ. ತೇಲಿಬರುವ ಕೊಂಬೆ, ತಿರುಗುವ ಸುಳಿ, ಕೆಂಪಾದ ನೀರು, ಘಟ್ಟದ ಮೆಟ್ಟಿಲು ಇವೇ ಸಾಕು. ದಡವು ಸ್ಥಿರ, ನೀರು ಚಲ. ಈ ಎರಡರ ಭೇದದಿಂದಲೇ ಕಣ್ಣು ವೇಗವನ್ನು ಗ್ರಹಿಸುತ್ತದೆ. ಅದೇ ಕೃಷ್ಣೆಯು ಬಂಗಾಳಕೊಲ್ಲಿಯನ್ನು ಸೇರಿದ ಮೇಲೆ ಈ ಅನುಕೂಲವು ಇಲ್ಲವಾಗುತ್ತದೆ. ನಡುಗಡಲಿನಲ್ಲಿ ದಡವಿಲ್ಲ. ಅಲ್ಲಿಯೂ ನದಿಗಳಂತಹ ಪ್ರವಾಹಗಳಿವೆ. ಕೆಲವು ಭೂಮಿಯ ಯಾವ ನದಿಗಿಂತಲೂ ದೊಡ್ಡವು. ಆದರೆ ಹಡಗನ್ನೂ ಅದರ ಸುತ್ತಲಿನ ನೀರನ್ನೂ ಪ್ರವಾಹವು ಒಟ್ಟಿಗೆ ಒಯ್ಯುವುದರಿಂದ ಹಡಗಿನಲ್ಲಿದ್ದವನಿಗೆ ತಾನು ಸರಿದುಹೋಗುತ್ತಿರುವ ಅರಿವೇ ಆಗುವುದಿಲ್ಲ.

ಇಂದಿನ ಸಾಗರವಿಜ್ಞಾನಿಗಳು ಈ ಕಾಣದ ಚಲನೆಯನ್ನು ಗಣಕಯಂತ್ರದಲ್ಲಿ ಮರುಸೃಷ್ಟಿಸುತ್ತಾರೆ. ಕಡಲನ್ನು ಅಸಂಖ್ಯ ಸಣ್ಣ ಚೌಕಗಳಾಗಿ ವಿಭಜಿಸಿ, ಪ್ರತಿಯೊಂದು ಚೌಕದಲ್ಲಿ ನೀರಿನ ವೇಗ, ದಿಕ್ಕು, ಉಷ್ಣತೆ, ಲವಣಾಂಶಗಳನ್ನು ಲೆಕ್ಕಹಾಕುತ್ತಾರೆ. ಲೆಕ್ಕದ ಫಲವಾಗಿ ದೊರೆಯುವುದು ಸಂಖ್ಯೆಗಳ ರಾಶಿ. ಆ ರಾಶಿಯನ್ನು ಸಾಲುಸಾಲಾಗಿ ಓದಿ ಯಾರೂ ಸಮುದ್ರವನ್ನು ಅರಿಯಲಾರರು. ಅದು ಚಿತ್ರವಾದಾಗಲೇ ವಿಜ್ಞಾನಿಗೂ ಅರ್ಥವಾಗುವುದು. ದತ್ತಾಂಶಗಳ ದೃಶ್ಯೀಕರಣವೆಂದು ಕರೆಯುವ ಈ ವಿದ್ಯೆ ಗಣಕಯುಗದ ಕೂಸೆಂದು ತೋರಬಹುದು. ಆದರೆ ಗಣಕವಿಲ್ಲದ ಕಾಲದಲ್ಲಿ, ಕಾಗದ, ಲೇಖನಿ, ಅಳತೆಗೋಲುಗಳನ್ನು ಮಾತ್ರ ನಂಬಿ ಇದೇ ಸಮಸ್ಯೆಯನ್ನು ಎದುರಿಸಿದವನೊಬ್ಬನಿದ್ದನು. ಅವನೇ ಜೇಮ್ಸ್ ರೆನೆಲ್. ಅವನ ಯೌವನವು ನಮ್ಮ ದೇಶದಲ್ಲಿ ಕಳೆಯಿತು. ಕನ್ನಡ ನಾಡಿನ ಭೂಪಟವೂ ಅವನ ಮೇಜಿನ ಮೇಲೆ ಮೂಡಿತು. ಹಳಗನ್ನಡದ ಪಾಠಗಳನ್ನೂ ಶಾಸನಗಳನ್ನೂ ಓದುವ ನಮಗೆ ಅವನ ಜೀವನದಿಂದ ಕಲಿಯಬೇಕಾದುದು ಏನಿದೆಯೆಂಬುದನ್ನು ನೋಡುವುದೇ ಈ ಬರಹದ ಉದ್ದೇಶ.

ರೆನೆಲ್ ಹುಟ್ಟಿದ್ದು 1742ರ ಡಿಸೆಂಬರ್ 3ರಂದು, ಇಂಗ್ಲೆಂಡಿನ ಡೆವನ್ ಪ್ರಾಂತದ ಚಡ್ಲಿ ಎಂಬ ಊರಿನ ಬಳಿ. ತಂದೆ ಫಿರಂಗಿ ದಳದ ಅಧಿಕಾರಿ. ಮಗನು ಇನ್ನೂ ಚಿಕ್ಕವನಿರುವಾಗಲೇ ಯುದ್ಧದಲ್ಲಿ ಮಡಿದನು. ಮನೆತನದ ಆಸ್ತಿ ಉಳಿಯಲಿಲ್ಲ. ಊರಿನ ಪಾದ್ರಿಯೊಬ್ಬನು ಹುಡುಗನನ್ನು ಮನೆಯಲ್ಲಿರಿಸಿಕೊಂಡು ಸಾಕಿದನು. ಆ ಕಾಲದ ಇಂಗ್ಲೆಂಡಿನಲ್ಲಿ ಆಸ್ತಿಯಿಲ್ಲದ ಹುಡುಗನಿಗೆ ತೆರೆದಿದ್ದ ದಾರಿಗಳಲ್ಲಿ ನೌಕಾದಳವೂ ಒಂದು. 1756ರಲ್ಲಿ, ಹದಿನಾಲ್ಕು ತುಂಬುವ ಮುನ್ನವೇ, ರೆನೆಲ್ ಯುದ್ಧನೌಕೆಯನ್ನು ಏರಿದನು. ಫ್ರಾನ್ಸಿನ ತೀರದಲ್ಲಿ ನಡೆದ ಕಾಳಗಗಳನ್ನು ಕಂಡನು. ಕಂಡುದನ್ನು ರೇಖೆಗಿಳಿಸುವ ಚಟ ಅವನಿಗೆ ಅಂಟಿದ್ದೂ ಆ ವಯಸ್ಸಿನಲ್ಲಿಯೇ.

1760ರಲ್ಲಿ ಅವನ ಹಡಗು ಪೂರ್ವಕ್ಕೆ ಬಂದಿತು. ಪಾಂಡಿಚೇರಿಯ ಮುತ್ತಿಗೆಯಲ್ಲಿ ಅವನೂ ಪಾಲ್ಗೊಂಡನು. ಏಳು ವರ್ಷಗಳ ಯುದ್ಧವು 1763ರಲ್ಲಿ ಮುಗಿದಾಗ ನೌಕಾದಳದಲ್ಲಿ ಬಡ್ತಿಯ ಆಸೆ ಉಳಿಯಲಿಲ್ಲ. ಬೆನ್ನ ಹಿಂದೆ ಪ್ರಭಾವಶಾಲಿಗಳಿಲ್ಲದ ಯುವಕನು ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯನ್ನು ಹಿಡಿದನು. ಸಣ್ಣ ಹಡಗೊಂದರಲ್ಲಿ ಭಾರತ ಮತ್ತು ಸಿಂಹಳಗಳ ನಡುವಿನ ಪಾಕ್ ಜಲಸಂಧಿಯನ್ನೂ ಪಾಂಬನ್ ಕಾಲುವೆಯನ್ನೂ ಅಳೆದನು. ದಿಬ್ಬಗಳೂ ಆಳವಿಲ್ಲದ ಮಡುಗಳೂ ತುಂಬಿದ ಆ ನೀರಿನಲ್ಲಿ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಆಳವನ್ನು ಅಳೆದು, ಅಂಕಿಯನ್ನು ಕಾಗದದಲ್ಲಿ ಅದರ ಸ್ಥಾನದಲ್ಲಿಯೇ ಬರೆಯಬೇಕಾಗಿತ್ತು. ಕಣ್ಣಿಗೆ ಕಾಣದ ತಳವು ಅಂಕಿಗಳ ಮೂಲಕ ಕಾಗದದ ಮೇಲೆ ಮೆಲ್ಲಮೆಲ್ಲನೆ ಮೂಡುವುದನ್ನು ಅವನು ಅಲ್ಲಿ ಕಂಡನು. ಮುಂದಿನ ಅರುವತ್ತು ವರ್ಷಗಳ ಅವನ ದುಡಿಮೆಯೆಲ್ಲವೂ ಈ ಅನುಭವದ ವಿಸ್ತರಣೆಯೇ ಆಗಿದೆ.

1764ರಲ್ಲಿ ಕಲ್ಕತ್ತೆಗೆ ಬಂದ ರೆನೆಲ್‌ನನ್ನು ಗವರ್ನರ್ ವ್ಯಾನ್ಸಿಟಾರ್ಟ್ ಬಂಗಾಳದ ಮೋಜಣಿಗೆ ನೇಮಿಸಿದನು. ಆಗ ಅವನಿಗೆ ವಯಸ್ಸು ಇಪ್ಪತ್ತೊಂದು. ಮೊದಲ ಕೆಲಸ ಗಂಗೆಯ ಕವಲುಗಳನ್ನು ಅಳೆಯುವುದು. ಢಾಕಾ ಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ದೋಣಿಯಲ್ಲಿ ನದಿಯಿಂದ ನದಿಗೆ ಸಾಗಿದನು. ಬಂಗಾಳದ ನದಿಗಳು ವರ್ಷದಿಂದ ವರ್ಷಕ್ಕೆ ದಾರಿ ಬದಲಿಸುವಂಥವು. ಇಂದು ಬರೆದ ದಡವು ಮುಂದಿನ ಮಳೆಗಾಲಕ್ಕೆ ಸುಳ್ಳಾಗಬಹುದು. ಚಲಿಸುವುದನ್ನು ನಿಶ್ಚಲವಾದ ಕಾಗದದ ಮೇಲೆ ಹಿಡಿಯುವುದೆಂದರೆ ಏನೆಂಬ ಪ್ರಶ್ನೆಯು ಅವನಿಗೆ ಇಲ್ಲಿಯೇ ಎದುರಾಯಿತು. ಟಿಬೆಟ್ಟಿನ ಸಾಂಗ್ಪೊ ನದಿಯೂ ಅಸ್ಸಾಮಿನಿಂದ ಇಳಿದುಬರುವ ಬ್ರಹ್ಮಪುತ್ರೆಯೂ ಒಂದೇ ಎಂಬ ತೀರ್ಮಾನಕ್ಕೂ ಅವನು ಬಂದನು. ನಡುವಿನ ಪರ್ವತಭಾಗವನ್ನು ಅವನು ಕಂಡಿರಲಿಲ್ಲ. ಲಭ್ಯವಾದ ಸಾಕ್ಷ್ಯಗಳನ್ನು ಹೊಂದಿಸಿ ಊಹಿಸಿದನು. ಮುಂದೆ ಅದು ಸರಿಯೆಂದು ಸ್ಥಿರಪಟ್ಟಿತು. 1787ರ ಮಹಾಪೂರದ ನಂತರದ ದಶಕಗಳಲ್ಲಿ ಬ್ರಹ್ಮಪುತ್ರೆಯು ತನ್ನ ಮುಖ್ಯ ಪಾತ್ರವನ್ನೇ ಬದಲಿಸಿ ಪಶ್ಚಿಮಕ್ಕೆ ಸರಿಯಿತು. ಹಳೆಯ ಪಾತ್ರವು ಎಲ್ಲಿತ್ತೆಂಬುದಕ್ಕೆ ನದಿವಿಜ್ಞಾನಿಗಳು ಇಂದಿಗೂ ರೆನೆಲ್‌ನ ನಕ್ಷೆಯನ್ನು ತೆರೆಯುತ್ತಾರೆ.

ಈ ಕೆಲಸವು ಸುಲಭದ್ದಾಗಿರಲಿಲ್ಲ, ನಿರಪರಾಧಿಯೂ ಆಗಿರಲಿಲ್ಲ. 1766ರಲ್ಲಿ ಭೂತಾನದ ಗಡಿಯ ಸಮೀಪದಲ್ಲಿ ಸನ್ಯಾಸಿಗಳ ತಂಡವೊಂದು ಅವನ ಮೇಲೆ ಎರಗಿತು. ಬಂಕಿಮಚಂದ್ರರ ‘ಆನಂದಮಠ’ಕ್ಕೆ ಹಿನ್ನೆಲೆಯಾದ ಸನ್ಯಾಸಿ ದಂಗೆಯ ಕಾಲವದು, ಬಿ. ವೆಂಕಟಾಚಾರ್ಯರ ಅನುವಾದದ ಮೂಲಕ ಆ ಕಾದಂಬರಿಯನ್ನು ಕನ್ನಡಿಗರೂ ಬಲ್ಲರು. ಕತ್ತಿಯ ಏಟಿಗೆ ರೆನೆಲ್‌ನ ಹೆಗಲ ಮೂಳೆ ಸೀಳಿತು, ಬೆನ್ನು ಬಿಚ್ಚಿತು, ಪಕ್ಕೆಲುಬುಗಳಿಗೂ ಗಾಯವಾಯಿತು, ಒಂದು ತೋರುಬೆರಳು ಶಕ್ತಿಗುಂದಿತು. ತೆರೆದ ದೋಣಿಯಲ್ಲಿ ಮಲಗಿಸಿ ಹಲವು ದಿನಗಳ ಪ್ರಯಾಣದ ನಂತರ ಅವನನ್ನು ಢಾಕಾಕ್ಕೆ ತಂದರು. ಬದುಕುವನೆಂದು ಯಾರೂ ನಂಬಿರಲಿಲ್ಲ; ಬದುಕಿದನು, ಆದರೆ ಮೊದಲಿನ ಆರೋಗ್ಯವು ಮರಳಲಿಲ್ಲ. ಮರುವರ್ಷವೇ, 1767ರಲ್ಲಿ, ರಾಬರ್ಟ್ ಕ್ಲೈವ್ ಅವನನ್ನು ಬಂಗಾಳದ ಸರ್ವೇಯರ್ ಜನರಲ್ ಪದವಿಗೆ ಏರಿಸಿದನು. ಆ ಪದವಿಯನ್ನು ಪಡೆದವರಲ್ಲಿ ಅವನೇ ಮೊದಲಿಗ.

ಮೋಜಣಿಯು ಯಾರಿಗಾಗಿ ನಡೆಯಿತೆಂಬುದನ್ನು ಮರೆಯುವಂತಿಲ್ಲ. 1765ರಲ್ಲಿ ಬಂಗಾಳದ ಕಂದಾಯವನ್ನು ವಸೂಲು ಮಾಡುವ ದಿವಾನಿ ಹಕ್ಕು ಕಂಪನಿಯ ಕೈಸೇರಿತ್ತು. ಯಾವ ಹಳ್ಳಿ ಎಲ್ಲಿದೆ, ಸೈನ್ಯವು ಯಾವ ದಾರಿಯಿಂದ ಸಾಗಬಹುದು, ಸರಕಿನ ದೋಣಿ ಯಾವ ಕವಲಿನಲ್ಲಿ ತೇಲಬಹುದು ಎಂಬುದನ್ನು ಕಂಪನಿಯು ತಿಳಿಯಬೇಕಾಗಿತ್ತು. ರೆನೆಲ್ ಅಳೆಯುತ್ತಿದ್ದ ಅದೇ ನೆಲದಲ್ಲಿ 1770ರ ಭೀಕರ ಕ್ಷಾಮವು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಆ ನಕ್ಷೆಗಳಲ್ಲಿ ನದಿಗಳಿವೆ, ದಾರಿಗಳಿವೆ, ಊರುಗಳಿವೆ, ಹಸಿವಿಲ್ಲ. ನಕ್ಷೆಯು ಏನನ್ನು ತೋರಿಸಬೇಕೆಂಬುದನ್ನು ಅದನ್ನು ಬರೆಸುವವನ ಅಗತ್ಯವೇ ನಿರ್ಧರಿಸುತ್ತದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

1772ರಲ್ಲಿ ರೆನೆಲ್ ಜೇನ್ ಥ್ಯಾಕರೆಯನ್ನು ವಿವಾಹವಾದನು. ಕಾದಂಬರಿಕಾರ ಥ್ಯಾಕರೆಯ ಪೂರ್ವಿಕರ ಮನೆತನದ ಹೆಣ್ಣುಮಗಳು ಆಕೆ. ದೇಹಸ್ಥಿತಿ ಕುಸಿದುದರಿಂದ 1777ರಲ್ಲಿ ದಂಪತಿಗಳು ಭಾರತವನ್ನು ಬಿಟ್ಟರು. ದಾರಿಯಲ್ಲಿ, ಅಟ್ಲಾಂಟಿಕ್ ಸಾಗರದ ನಡುವಿನ ಸೇಂಟ್ ಹೆಲೀನಾ ದ್ವೀಪದಲ್ಲಿ, ಮಗಳೊಬ್ಬಳು ಹುಟ್ಟಿದಳು. ಅವಳಿಗೂ ಜೇನ್ ಎಂದೇ ಹೆಸರಿಟ್ಟರು. ಈ ಮಗುವಿನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಬರುವಾಗ ರೆನೆಲ್‌ನ ಗಮನವನ್ನು ಸೆಳೆದುದು ಅಗುಲ್ಹಾಸ್ ಪ್ರವಾಹ. ಹಿಂದೂ ಮಹಾಸಾಗರದ ಬಿಸಿನೀರನ್ನು ಆಫ್ರಿಕಾದ ಪೂರ್ವತೀರದ ಗುಂಟ ನೈಋತ್ಯಕ್ಕೆ ಒಯ್ಯುವ ಈ ಪ್ರವಾಹವು ಲೋಕದ ಪ್ರಬಲ ಪ್ರವಾಹಗಳಲ್ಲೊಂದು. 1778ರಲ್ಲಿ ಅವನು ಪ್ರಕಟಿಸಿದ ಅಗುಲ್ಹಾಸ್ ದಿಬ್ಬದ ನಕ್ಷೆಯೇ ಸಾಗರಪ್ರವಾಹಗಳನ್ನು ಕುರಿತ ಅವನ ಅಧ್ಯಯನಕ್ಕೆ ನಾಂದಿಯಾಯಿತು.

ಲಂಡನ್ನಿನಲ್ಲಿ ನೆಲೆಸಿದ ಮೇಲೆ ರೆನೆಲ್‌ನ ಎರಡನೆಯ ಬದುಕು ಆರಂಭವಾಯಿತು. 1779ರಿಂದ ‘ಬಂಗಾಳದ ಅಟ್ಲಾಸ್’ ಹೊರಬಂದಿತು. 1781ರಲ್ಲಿ ರಾಯಲ್ ಸೊಸೈಟಿಯು ಅವನನ್ನು ಸದಸ್ಯನನ್ನಾಗಿ ಆರಿಸಿತು. ಬಳಿಕ ಬಂದುದು ‘ಹಿಂದೂಸ್ತಾನದ ಭೂಪಟ’, ಅದರೊಡನೆ 1783ರಲ್ಲಿ ಅದರ ವಿವರಣಾಗ್ರಂಥ. ಭೂಪಟದ ಅಲಂಕಾರಚಿತ್ರದಲ್ಲಿ ಬ್ರಾಹ್ಮಣರು ತಮ್ಮ ಶಾಸ್ತ್ರಗ್ರಂಥಗಳನ್ನು ಬ್ರಿಟಾನಿಯಾ ದೇವಿಗೆ ಒಪ್ಪಿಸುತ್ತಿದ್ದಾರೆ. ಯಾರು ನೋಡುವವರು, ಯಾರು ನೋಡಿಸಿಕೊಳ್ಳುವವರು ಎಂಬುದನ್ನು ಆ ಚಿತ್ರವು ಮರೆಮಾಚದೆ ಹೇಳುತ್ತದೆ. ಆದರೆ ವಿವರಣಾಗ್ರಂಥದ ಗುಣ ಬೇರೆ. ಭೂಪಟದ ಒಂದೊಂದು ಭಾಗಕ್ಕೂ ಆಧಾರವೇನು, ಯಾರ ಪ್ರಯಾಣದ ಟಿಪ್ಪಣಿ, ಯಾವ ಅಕ್ಷಾಂಶದ ವೀಕ್ಷಣೆ, ಎರಡು ಆಧಾರಗಳು ಪರಸ್ಪರ ವಿರೋಧಿಸಿದಾಗ ಯಾವುದನ್ನು ಏಕೆ ಆರಿಸಿಕೊಂಡೆನು, ಎಲ್ಲಿ ಸಾಮಗ್ರಿ ಸಾಲದು ಎಂಬುದನ್ನೆಲ್ಲ ಅಲ್ಲಿ ತಾಳ್ಮೆಯಿಂದ ಬರೆದಿದ್ದಾನೆ. ಗ್ರಂಥಸಂಪಾದನೆಯನ್ನು ಓದುವ ವಿದ್ಯಾರ್ಥಿಗಳಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವೀಕೃತ ಪಾಠದ ಕೆಳಗೆ ಪಾಠಾಂತರಗಳನ್ನು ಕೊಡುವ ಸಂಪಾದಕನು ಮಾಡುವುದೂ ಇದನ್ನೇ. ಅಂತಹ ಪ್ರತಿಯಲ್ಲಿ ಓದುಗನಿಗೆ ಪಠ್ಯವು ದೊರೆಯುವುದಷ್ಟೇ ಅಲ್ಲ, ಅದನ್ನು ಪ್ರಶ್ನಿಸುವ ಅಧಿಕಾರವೂ ದೊರೆಯುತ್ತದೆ.

ಕನ್ನಡ ನಾಡು ಅವನ ಮೇಜಿಗೆ ಬಂದುದು ಯುದ್ಧದ ಮೂಲಕ. 1790ರಿಂದ 1792ರವರೆಗೆ ಟಿಪ್ಪುಸುಲ್ತಾನನ ವಿರುದ್ಧ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನೆಗಳು ಸಾಗಿದ ದಾರಿಗಳನ್ನು ವಿವರಿಸುವ ಪುಸ್ತಕವನ್ನೂ ನಕ್ಷೆಯನ್ನೂ ಅವನು 1792ರಲ್ಲಿ ಪ್ರಕಟಿಸಿದನು. ಶ್ರೀರಂಗಪಟ್ಟಣದ ಒಪ್ಪಂದದಿಂದ ಬದಲಾದ ಗಡಿಗಳನ್ನು ತೋರಿಸುವ ದಕ್ಷಿಣ ಭಾರತದ ಭೂಪಟವನ್ನೂ ಅದರ ವಿವರಣೆಯನ್ನೂ ಮರುವರ್ಷ ಹೊರತಂದನು. ಕಾವೇರಿಯ ದಡದಲ್ಲಿ ಅವನು ಮೋಜಣಿ ನಡೆಸಿದವನಲ್ಲ. ಸೇನೆಯೊಡನೆ ಸಾಗಿದವರು ಬರೆದಿಟ್ಟ ದಾರಿಯ ಅಳತೆಗಳನ್ನು ಲಂಡನ್ನಿನಲ್ಲಿ ಕುಳಿತು ಹೊಂದಿಸಿದನು. ಟಿಪ್ಪುವಿನ ಪತನಾನಂತರ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯನ್ನು ಊರೂರು ಸುತ್ತಿ ಅಳೆದನು. ನಮಗೆ ಚಿರಪರಿಚಿತವಾದ ಕೈಫಿಯತ್ತುಗಳೂ ಶಾಸನಪ್ರತಿಗಳೂ ಆಗಲೇ ಸಂಗ್ರಹವಾದವು. ರೆನೆಲ್‌ನದು ಅದಕ್ಕೆ ಮುಂಚಿನ ಹಂತ, ದೂರದಿಂದ ಹೊಂದಿಸುವ ಹಂತ. ದೂರದಲ್ಲಿದ್ದು, ಇತರರು ಬರೆದ ಚೂರುಗಳಿಂದ ಸಮಗ್ರವಾದುದನ್ನು ಕಾಣುವ ಈ ವಿದ್ಯೆಯೇ ಅವನನ್ನು ಕಡಲಿನ ಕಡೆಗೆ ಒಯ್ದಿತು.

ಆ ವಿದ್ಯೆಯ ಒಂದು ಸೊಗಸಾದ ಉದಾಹರಣೆಯನ್ನು ಇಲ್ಲಿ ಹೇಳಬೇಕು. ಮರುಭೂಮಿಯಲ್ಲಿ ದೂರವನ್ನು ಅಳೆಯುವವರಿರಲಿಲ್ಲ. ಆದರೆ ಒಂಟೆಗಳ ಸಾರ್ಥವಾಹರು ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ನಡೆದರೆಂಬ ಬರಹಗಳಿದ್ದವು. ಒಂಟೆಯ ನಡಿಗೆ ಬಹುಮಟ್ಟಿಗೆ ಏಕರೂಪವೆಂಬುದನ್ನು ಹಲವು ಪ್ರಯಾಣಗಳ ಹೋಲಿಕೆಯಿಂದ ಕಂಡುಕೊಂಡ ರೆನೆಲ್, ನಡಿಗೆಯನ್ನೇ ಅಳತೆಗೋಲಾಗಿ ಮಾಡಿಕೊಂಡನು. ಈ ಪ್ರಬಂಧವು 1791ರಲ್ಲಿ ಅವನಿಗೆ ರಾಯಲ್ ಸೊಸೈಟಿಯ ಕಾಪ್ಲಿ ಪದಕವನ್ನು ತಂದುಕೊಟ್ಟಿತು.

ಇನ್ನು ಕಡಲಿನ ವಿಷಯ. 1707ರ ಅಕ್ಟೋಬರ್ ತಿಂಗಳ ಒಂದು ರಾತ್ರಿ ಇಂಗ್ಲೆಂಡಿನ ನೈಋತ್ಯಕ್ಕಿರುವ ಸಿಲಿ ದ್ವೀಪಗಳ ಬಂಡೆಗಳಿಗೆ ಅಪ್ಪಳಿಸಿ ನಾಲ್ಕು ಯುದ್ಧನೌಕೆಗಳು ಮುಳುಗಿದವು. ಸಾವಿರಕ್ಕೂ ಹೆಚ್ಚು ಜನರು ಸತ್ತರು. ದಂಡನಾಯಕ ಶೊವೆಲ್ ಕೂಡ ಉಳಿಯಲಿಲ್ಲ. ತಾವು ಸುರಕ್ಷಿತವಾದ ನೀರಿನಲ್ಲಿದ್ದೇವೆಂದು ಅವರು ನಂಬಿದ್ದರು. ಆ ನೀರಿನಲ್ಲಿ ಹಡಗುಗಳು ತಮ್ಮ ಲೆಕ್ಕಕ್ಕಿಂತ ಉತ್ತರಕ್ಕೆ ಸರಿಯುವುದು ಅಪರೂಪವಾಗಿರಲಿಲ್ಲ. ಏಕೆಂಬುದನ್ನು ರೆನೆಲ್ 1793ರಲ್ಲಿ ರಾಯಲ್ ಸೊಸೈಟಿಯ ಮುಂದೆ ವಿವರಿಸಿದನು. 1778ರಲ್ಲಿ ತಾನು ಪ್ರಯಾಣಿಸಿದ ಹೆಕ್ಟರ್ ಹಡಗಿನ ಅನುಭವವೂ 1787ರ ಅಟ್ಲಾಸ್ ಹಡಗಿನ ದಿನಚರಿಯೂ ಅವನ ಆಧಾರಗಳು. ಪಶ್ಚಿಮದ ಗಾಳಿಯು ಬಹುಕಾಲ ಬೀಸಿದಾಗ ಬಿಸ್ಕೆ ಕೊಲ್ಲಿಯಲ್ಲಿ ನೀರು ಒಟ್ಟುಗೂಡಿ, ಅಲ್ಲಿಂದ ವಾಯವ್ಯಕ್ಕೆ ಹರಿದು, ಸಿಲಿ ದ್ವೀಪಗಳ ಪಶ್ಚಿಮದಲ್ಲಿ ಹಡಗುಗಳನ್ನು ಉತ್ತರಕ್ಕೆ ತಳ್ಳುತ್ತದೆಂಬುದು ಅವನ ವಾದ. ಅದಕ್ಕೆ ಮುಂದೆ ರೆನೆಲ್ ಪ್ರವಾಹವೆಂಬ ಹೆಸರಾಯಿತು. ಈ ಪ್ರವಾಹವು ಸದಾಕಾಲ ಇರುವುದೆಂದು ಅವನು ಹೇಳಲಿಲ್ಲ. ಅನೇಕ ವೇಳೆ ಕಾಣಿಸಿಕೊಳ್ಳುವುದೆಂದು ಪ್ರಬಂಧದ ಶೀರ್ಷಿಕೆಯಲ್ಲಿಯೇ ಮಿತಿಯನ್ನು ಹಾಕಿದನು. ಅದು ಶಾಶ್ವತ ಪ್ರವಾಹವಲ್ಲವೆಂಬುದೇ ಇಂದಿನ ತಿಳಿವಳಿಕೆಯೂ ಆಗಿದೆ.

ಕಾಣದ ಪ್ರವಾಹವನ್ನು ದಡವಿಲ್ಲದೆ ಅಳೆಯುವುದು ಹೇಗೆ? ಇದರ ಯುಕ್ತಿಯನ್ನು ಅರಿತರೆ ರೆನೆಲ್‌ನ ಸಾಧನೆ ಸ್ಪಷ್ಟವಾಗುತ್ತದೆ. ಅಂದಿನ ನಾವಿಕರು ಮರದ ತುಂಡೊಂದನ್ನು ಗಂಟುಹಾಕಿದ ಹಗ್ಗಕ್ಕೆ ಕಟ್ಟಿ ನೀರಿಗೆಸೆಯುತ್ತಿದ್ದರು. ಮರಳಿನ ಗಡಿಯಾರವು ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದವೆಂಬುದರಿಂದ ಹಡಗಿನ ವೇಗವನ್ನು ತಿಳಿಯುತ್ತಿದ್ದರು. ದಿಕ್ಸೂಚಿಯಿಂದ ದಿಕ್ಕು, ಹಗ್ಗದಿಂದ ವೇಗ, ಇವೆರಡರಿಂದ ಹಡಗಿನ ಲೆಕ್ಕದ ಸ್ಥಾನ. ಆದರೆ ಈ ಲೆಕ್ಕವು ನೀರಿಗೆ ಸಂಬಂಧಿಸಿದುದು. ನೀರೇ ಸರಿಯುತ್ತಿದ್ದರೆ ಅದು ಲೆಕ್ಕಕ್ಕೆ ಸಿಗದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಜಾನ್ ಹ್ಯಾರಿಸನ್ನನ ಕಡಲಗಡಿಯಾರವು, ಅಂದರೆ ಕ್ರೋನೋಮೀಟರ್, ಬಳಕೆಗೆ ಬಂದಿತು. ಸೂರ್ಯ ನಕ್ಷತ್ರಗಳನ್ನೂ ಈ ಗಡಿಯಾರವನ್ನೂ ಕೂಡಿಸಿ ಹಡಗಿನ ನಿಜವಾದ ಅಕ್ಷಾಂಶ ರೇಖಾಂಶಗಳನ್ನು ಕಾಣುವುದು ಸಾಧ್ಯವಾಯಿತು. ಒಂದು ಹಡಗು ತನ್ನ ಲೆಕ್ಕದಂತೆ ಒಂದು ದಿನದಲ್ಲಿ ಪಶ್ಚಿಮಕ್ಕೆ 150 ಮೈಲಿ ಸಾಗಿರಬೇಕೆಂದಿಟ್ಟುಕೊಳ್ಳೋಣ. ಆಕಾಶವೂ ಗಡಿಯಾರವೂ 130 ಮೈಲಿಯೆಂದು ಹೇಳಿದರೆ, ಉಳಿದ 20 ಮೈಲಿ ನೀರಿನ ಕೆಲಸ. ನೀರು ಪೂರ್ವಕ್ಕೆ ಹರಿಯುತ್ತಿದೆ. ನಾವಿಕನಿಗೆ ಲೆಕ್ಕದ ದೋಷವಾಗಿ ಕಂಡುದು ರೆನೆಲ್‌ಗೆ ಸಮುದ್ರದ ಸಹಿಯಾಗಿ ಕಂಡಿತು.

ಆದರೆ ಒಂದು ಹಡಗಿನ ಒಂದು ದಿನದ ವ್ಯತ್ಯಾಸವನ್ನು ನಂಬಲಾಗದು. ಹಗ್ಗ ಎಸೆದವನು ತೂಕಡಿಸಿರಬಹುದು, ಗಡಿಯಾರ ತಪ್ಪಿರಬಹುದು, ಬರೆದವನು ಅಂಕಿ ತಪ್ಪಿರಬಹುದು. ಆದುದರಿಂದ ರೆನೆಲ್ ಹಡಗುಗಳ ದಿನಚರಿಗಳನ್ನು ರಾಶಿರಾಶಿಯಾಗಿ ಕೂಡಿಹಾಕಿದನು. 1810ರಲ್ಲಿ ಪತ್ನಿಯು ತೀರಿಕೊಂಡಾಗ ಅವನಿಗೆ ಅರುವತ್ತೇಳು. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳು ಬಹುಮಟ್ಟಿಗೆ ಈ ಕೆಲಸಕ್ಕೇ ಸಂದವು. ನೌಕಾದಳದವರೂ ವ್ಯಾಪಾರಿ ಹಡಗಿನವರೂ ತಮ್ಮ ದಿನಚರಿಗಳನ್ನು ಅವನಿಗೆ ತಲುಪಿಸುತ್ತಿದ್ದರು. ಬೇರೆ ಬೇರೆ ವರ್ಷ, ಬೇರೆ ಬೇರೆ ಋತು, ಬೇರೆ ಬೇರೆ ಕೈಗಳು ಬರೆದ ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಅವುಗಳ ಸ್ಥಾನದಲ್ಲಿಟ್ಟಾಗ, ಒಬ್ಬರನ್ನೊಬ್ಬರು ಕಾಣದ ನಾವಿಕರು ಒಂದೇ ಮಾತನ್ನು ಹೇಳತೊಡಗಿದರು. ಎಲ್ಲಿ ಹಲವು ಸಾಕ್ಷಿಗಳು ಒಪ್ಪಿದವೋ ಅಲ್ಲಿ ಪ್ರವಾಹದ ಬಾಣ ಮೂಡಿತು. ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು, ಲಿಪಿಕಾರರ ಸ್ಖಾಲಿತ್ಯಗಳನ್ನು ಕಳೆದು, ಕವಿಯ ಪಾಠವನ್ನು ಅರಸುವ ಸಂಪಾದಕನ ಕ್ರಮಕ್ಕೂ ಇದಕ್ಕೂ ಸ್ವಭಾವದಲ್ಲಿ ಭೇದವಿಲ್ಲ.

ಚಿತ್ರವು ಮೂಡಿದ ಮೇಲೆ ವಿಚಾರವು ಹುಟ್ಟಿತು. ಕಡಲಿನ ಪ್ರವಾಹಗಳನ್ನು ರೆನೆಲ್ ಎರಡು ಬಗೆಯಾಗಿ ವಿಂಗಡಿಸಿದನು. ಗಾಳಿಯು ನೇರವಾಗಿ ಮೇಲ್ಮೈ ನೀರನ್ನು ತಳ್ಳುವುದರಿಂದ ಉಂಟಾಗುವ ವಿಶಾಲವೂ ಮಂದವೂ ಆದ ಸರಿತ ಒಂದು ಬಗೆ. ಹಾಗೆ ಸರಿದ ನೀರು ತೀರದಂತಹ ಅಡ್ಡಿಗೆ ತಾಗಿ ಒಟ್ಟುಗೂಡಿ, ನದಿಯಂತೆ ಕಿರಿದಾಗಿಯೂ ವೇಗವಾಗಿಯೂ ಹರಿಯುವುದು ಇನ್ನೊಂದು ಬಗೆ. ಅಮೆರಿಕದ ಪೂರ್ವತೀರದ ಗಲ್ಫ್ ಸ್ಟ್ರೀಮ್ ಇದಕ್ಕೆ ನಿದರ್ಶನ. ಗಲ್ಫ್ ಸ್ಟ್ರೀಮಿನ ನಕ್ಷೆಯನ್ನು ಬೆಂಜಮಿನ್ ಫ್ರಾಂಕ್ಲಿನ್ ಅವನಿಗಿಂತ ಮೊದಲೇ, ತಿಮಿಂಗಿಲ ಬೇಟೆಯ ನಾವಿಕರ ನೆರವಿನಿಂದ, ಬರೆಸಿದ್ದನು. ರೆನೆಲ್‌ನ ಹೆಚ್ಚುಗಾರಿಕೆಯೆಂದರೆ ಒಂದು ಪ್ರವಾಹವನ್ನಲ್ಲ, ಇಡೀ ಅಟ್ಲಾಂಟಿಕ್ ಸಾಗರವನ್ನು ಒಂದು ವ್ಯವಸ್ಥೆಯಾಗಿ ಕಂಡುದು. ಪ್ರವಾಹಗಳಿಗೆ ಗಾಳಿಯೇ ಮುಖ್ಯ ಕಾರಣವೆಂಬ ಅವನ ಮತಕ್ಕೆ ಆಗ ಒಮ್ಮತವಿರಲಿಲ್ಲ. ಆಳದ ಕಡಲಿನಲ್ಲಿ ಉಷ್ಣತೆ ಮತ್ತು ಲವಣಗಳ ಪಾತ್ರವು ದೊಡ್ಡದೆಂದು ಮುಂದಿನ ವಿಜ್ಞಾನವು ತೋರಿಸಿತು. ಮೇಲ್ಮೈಯ ಮಹಾಪ್ರವಾಹಗಳಲ್ಲಿ ಗಾಳಿಯ ಪಾತ್ರದ ಬಗೆಗೆ ಅವನ ನಿಲುವು ಉಳಿದುಬಂದಿತು.

ಇಷ್ಟು ದುಡಿದರೂ ತನ್ನ ಮಹಾಗ್ರಂಥವನ್ನು ಅಚ್ಚಿನಲ್ಲಿ ನೋಡುವ ಭಾಗ್ಯ ಅವನಿಗಿರಲಿಲ್ಲ. ಹೊಸ ದಿನಚರಿ ಬಂದಂತೆಲ್ಲ ಹಳೆಯ ರೇಖೆಯನ್ನು ತಿದ್ದುತ್ತಿದ್ದನು, ತಿದ್ದುವುದು ಮುಗಿಯುವಂಥದಲ್ಲ. ಎಂಬತ್ತನ್ನು ದಾಟಿದ ಮೇಲೆ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡನು. 1830ರ ಮಾರ್ಚ್ 29ರಂದು ತನ್ನ ಎಂಬತ್ತೇಳನೆಯ ವಯಸ್ಸಿನಲ್ಲಿ ನಿಧನನಾದನು. ದೇಹವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಿದರು. ಅದೇ ವರ್ಷ ಲಂಡನ್ನಿನಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯು ಸ್ಥಾಪನೆಯಾಯಿತು. ಅದನ್ನು ಕಾಣಲು ಆ ಕಾಲದ ಹಿರಿಯ ಭೂಗೋಳಜ್ಞನು ಇರಲಿಲ್ಲ. ಅಟ್ಲಾಂಟಿಕ್ ಪ್ರವಾಹಗಳ ಹಸ್ತಪ್ರತಿಯೂ ನಕ್ಷೆಗಳೂ ಅವನ ಮನೆಯಲ್ಲಿಯೇ ಉಳಿದವು. ಅವು ಚದುರಿಹೋಗಿದ್ದರೆ ಇಪ್ಪತ್ತು ವರ್ಷಗಳ ದುಡಿಮೆಯೂ ಅದಕ್ಕೆ ಸಾಮಗ್ರಿ ಕೊಟ್ಟ ನಾವಿಕರ ಶ್ರಮವೂ ಒಟ್ಟಿಗೇ ಮುಳುಗುತ್ತಿದ್ದವು. ಅವನ್ನು ಉಳಿಸಿದವಳು ಸೇಂಟ್ ಹೆಲೀನಾದಲ್ಲಿ ಹುಟ್ಟಿದ ಮಗಳು. ನೌಕಾದಳದ ಅಧಿಕಾರಿ ರಾಡ್‌ನನ್ನು ಮದುವೆಯಾಗಿ ಲೇಡಿ ರಾಡ್ ಎನಿಸಿದ್ದ ಜೇನ್, ನಕ್ಷೆಕಾರ ಜಾನ್ ಪರ್ಡಿಯ ಸಹಾಯದಿಂದ ತಂದೆಯ ಕೃತಿಯನ್ನು 1832ರಲ್ಲಿ ನಕ್ಷೆಗಳೊಡನೆ ಪ್ರಕಟಿಸಿದಳು. ಸಾಗರವಿಜ್ಞಾನದ ಚರಿತ್ರೆಯಲ್ಲಿ ರೆನೆಲ್‌ನ ಹೆಸರನ್ನು ಹೇಳುವಾಗ ಆಕೆಯ ಹೆಸರನ್ನು ಬಿಡುವುದು ನ್ಯಾಯವಲ್ಲ.

ಅವನು ತೆರೆದ ದಾರಿಯಲ್ಲಿ ನಡೆದವರು ಹಲವರು. ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೋರಿಯು ಅಲಕ್ಷ್ಯಕ್ಕೊಳಗಾಗಿದ್ದ ಹಳೆಯ ದಿನಚರಿಗಳನ್ನು ಶೋಧಿಸಿ 1847ರಿಂದ ಗಾಳಿ ಮತ್ತು ಪ್ರವಾಹಗಳ ನಕ್ಷೆಗಳನ್ನು ಹೊರತಂದನು. ಅವುಗಳ ನೆರವಿನಿಂದ ಹಡಗುಗಳ ಪ್ರಯಾಣಕಾಲವು ಗಣನೀಯವಾಗಿ ತಗ್ಗಿತು. 1960ರ ದಶಕದಲ್ಲಿ ಅಮೆರಿಕದ ಕರ್ಕ್ ಬ್ರಯನ್ ಮತ್ತು ಸಹೋದ್ಯೋಗಿಗಳು ಸಾಗರದ ಚಲನೆಯನ್ನು ಗಣಕದಲ್ಲಿ ಲೆಕ್ಕಹಾಕುವ ಮಾದರಿಗಳನ್ನು ಕಟ್ಟಿದರು. ಈಗ ಆರ್ಗೊ ಎಂಬ ಅಂತರರಾಷ್ಟ್ರೀಯ ಯೋಜನೆಯ ಸುಮಾರು 4,000 ತೇಲುಯಂತ್ರಗಳು ಲೋಕದ ಕಡಲುಗಳಲ್ಲಿ 2,000 ಮೀಟರ್ ಆಳಕ್ಕಿಳಿದು, ಹತ್ತು ದಿನಕ್ಕೊಮ್ಮೆ ಮೇಲೆದ್ದು, ಉಷ್ಣತೆ ಲವಣಾಂಶಗಳ ವಾರ್ತೆಯನ್ನು ಉಪಗ್ರಹಕ್ಕೆ ಒಪ್ಪಿಸುತ್ತವೆ. ಹಿಂದಿನ ನಾವಿಕನ ದಿನಚರಿಯ ಸ್ಥಾನದಲ್ಲಿ ಇಂದು ಅವು ನಿಂತಿವೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಸಿದ್ಧಪಡಿಸಿದ ‘ಪರ್ಪೆಚುವಲ್ ಓಷನ್’ ಎಂಬ ಚಲನಚಿತ್ರವು 2005ರ ಜೂನ್‌ನಿಂದ 2007ರ ಡಿಸೆಂಬರ್‌ವರೆಗಿನ ಸಾಗರಪ್ರವಾಹಗಳನ್ನು ಬಿಳಿಯ ರೇಖೆಗಳಾಗಿ ಓಡಿಸಿ ತೋರಿಸುತ್ತದೆ. ಅದರಲ್ಲಿ ಆಫ್ರಿಕಾದ ತುದಿಯಲ್ಲಿ ಸುಳಿಸುಳಿಯಾಗಿ ಕಳಚಿಹೋಗುವ ನೀರೇ 1777ರಲ್ಲಿ ರೆನೆಲ್‌ನನ್ನು ಚಿಂತನೆಗೆ ಹಚ್ಚಿದ ಅಗುಲ್ಹಾಸ್. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರವು ಉಪಗ್ರಹದ ದತ್ತಾಂಶಗಳಿಂದ ಮೀನು ಸಿಗಬಹುದಾದ ವಲಯಗಳನ್ನು ಗುರುತಿಸಿ ಕರಾವಳಿಯ ಮೀನುಗಾರರಿಗೆ ಅವರವರ ಭಾಷೆಗಳಲ್ಲಿ ತಿಳಿಸುತ್ತದೆ. ಕನ್ನಡವೂ ಅವುಗಳಲ್ಲಿ ಸೇರಿದೆ.

ಚಿತ್ರಗಳ ಶಕ್ತಿ ಹೆಚ್ಚಿದಂತೆ ಅಪಾಯವೂ ಹೆಚ್ಚಿದೆ. ಕಾಮನಬಿಲ್ಲಿನ ಬಣ್ಣಗಳಲ್ಲಿ ಉಷ್ಣತೆಯನ್ನು ತೋರಿಸಿದಾಗ ಹಳದಿಯ ಬಳಿ ಇಲ್ಲದ ಗಡಿಯೊಂದು ಕಣ್ಣಿಗೆ ಬೀಳುತ್ತದೆ. ನೀರಿನಲ್ಲಿ ಕ್ರಮವಾಗಿ ಆಗುವ ಬದಲಾವಣೆಯು ಚಿತ್ರದಲ್ಲಿ ಗೋಡೆಯಂತೆ ತೋರುತ್ತದೆ. ಆದುದರಿಂದ ಸಾಗರವಿಜ್ಞಾನಿಗಳು ತಿಳಿಯಿಂದ ಗಾಢಕ್ಕೆ ಸಮನಾಗಿ ಏರುವ ವರ್ಣಕ್ರಮಗಳನ್ನು ರೂಪಿಸಿಕೊಂಡಿದ್ದಾರೆ. ಅಳತೆಯಿದ್ದ ಕಡೆಯೂ ಇಲ್ಲದ ಕಡೆಯೂ ಒಂದೇ ಹೊಳಪಿನಲ್ಲಿ ಮೂಡಿದರೆ ನೋಡುವವನು ಊಹೆಯನ್ನೇ ಸತ್ಯವೆಂದು ಭ್ರಮಿಸುತ್ತಾನೆ. ಚಿತ್ರದೊಡನೆ ಅದರ ಆಧಾರಗಳ ಲೆಕ್ಕವನ್ನೂ ಒಪ್ಪಿಸಬೇಕೆಂಬ ರೆನೆಲ್‌ನ ಶಿಸ್ತು ಈಗಲೂ ಹಳೆಯದಾಗಿಲ್ಲ.

ರೆನೆಲ್ ಸಂತನಲ್ಲ. ಅವನ ಭೂಪಟಗಳು ಸಾಮ್ರಾಜ್ಯದ ಕೈಗೆ ಕಣ್ಣಾದವು. ಅವನ ಕಡಲನಕ್ಷೆಗಳಿಂದ ಮೊದಲು ಲಾಭ ಪಡೆದುದೂ ಅದೇ ಸಾಮ್ರಾಜ್ಯದ ಹಡಗುಗಳೇ. ಆದರೂ ಎರಡರ ನಡುವೆ ಒಂದು ಅಂತರವಿದೆ. ನೆಲದ ನಕ್ಷೆಯಲ್ಲಿ ಅಳೆಯಲ್ಪಟ್ಟವರಿಗೆ ಅದರ ಮೇಲೆ ಹಕ್ಕಿರಲಿಲ್ಲ. ಕಡಲಿನ ನಕ್ಷೆಯಲ್ಲಿ ಅಂಕಿ ಕೊಟ್ಟ ನಾವಿಕನೇ ಫಲವನ್ನೂ ಪಡೆದನು. ಅವನು ಬರೆದ ಒಂದು ದಿನದ ವ್ಯತ್ಯಾಸವು ಮುಂದಿನ ಹಡಗನ್ನು ಬಂಡೆಯಿಂದ ದೂರವಿರಿಸಿತು. ಜ್ಞಾನವನ್ನು ಯಾರಿಂದ ಪಡೆಯುತ್ತೇವೆ, ಯಾರಿಗೆ ಮರಳಿಸುತ್ತೇವೆ ಎಂಬ ಪ್ರಶ್ನೆಯು ವಿಜ್ಞಾನಿಗೆ ಮಾತ್ರ ಸೇರಿದುದಲ್ಲ. ಕೊಲ್ಲಾಪುರದ ಸುತ್ತಮುತ್ತ ಶಿಲಾಹಾರರ ಕಾಲದ ಕನ್ನಡ ಶಾಸನಗಳಿವೆ. ಅವುಗಳ ಪಡಿಯಚ್ಚು ತೆಗೆಯಲು, ಈ ಗಡಿಸೀಮೆಯ ಮುದುಕಿಯರ ಹಾಡುಗಳನ್ನು ಬರೆದುಕೊಳ್ಳಲು, ಊರಿನ ಮಾತಿನ ಪದಗಳನ್ನು ಸಂಗ್ರಹಿಸಲು ಹೊರಡುವ ವಿದ್ಯಾರ್ಥಿಗೂ ಅದು ಸೇರಿದೆ. ಒಂದೊಂದು ಟಿಪ್ಪಣಿಯೂ ಹಡಗಿನ ದಿನಚರಿಯ ಒಂದು ಸಾಲಿನಂತೆ ಅಲ್ಪವೇ. ಅದನ್ನು ಯಾರು ಹೇಳಿದರು, ಎಲ್ಲಿ, ಎಂದು ಎಂಬುದನ್ನು ನಿಷ್ಠೆಯಿಂದ ಬರೆದಿಟ್ಟರೆ, ಮುಂದೊಂದು ದಿನ ಯಾರೋ ಅಂತಹ ಸಾಲುಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಹರಡಿದಾಗ, ಈ ನೆಲದಲ್ಲಿ ಕನ್ನಡವು ಹರಿದ ಪಾತ್ರವೂ ಕಣ್ಣಿಗೆ ಕಾಣುವಂತಾದೀತು.